ಪರರ ಮನೆಯ ಪ್ರವಾಸಿಗರು

ಪ್ರವಾಸಿಗರನ್ನು ಹೋಟೆಲಿನಲ್ಲಿ ಇಳಿಯುವವರು, ನೆಂಟರ ಮನೆಯಲ್ಲಿ ಇಳಿಯುವವರು ಎಂದು ವಿಂಗಡಿಸುವ ಹಳೆಯ ಪದ್ಧತಿಗೆ ಈಚಿನ ದಶಕಗಳಲ್ಲಿ ಮೂರನೆಯ ವರ್ಗವೊಂದು ಸೇರಿಕೊಂಡಿದೆ. ಹೌಸ್‌ಸಿಟ್ಟರ್ ಎಂದು ಹೆಸರಾದ ಈ ವರ್ಗದವರು, ಮನೆಯೊಡೆಯರು ರಜೆಗೆ ಹೊರಟಾಗ ಅವರ ಮನೆಯಲ್ಲಿ ಬಾಡಿಗೆಯಿಲ್ಲದೆ ವಾಸಿಸಿ, ಅದಕ್ಕೆ ಪ್ರತಿಯಾಗಿ ಸಂಬಳವಿಲ್ಲದೆ ನಾಯಿ, ಬೆಕ್ಕು, ಕೋಳಿ ಮತ್ತು ಟೊಮೆಟೊ ಗಿಡಗಳ ಯೋಗಕ್ಷೇಮ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕಾಣಸಿಗುವ ಆಸ್ಟ್ರೇಲಿಯಾದ ನಿವೃತ್ತ ದಂಪತಿಯನ್ನು ಈ ವರ್ಗದ ಪಕ್ವ ಮಾದರಿಯೆಂದು ಪರಿಗಣಿಸಬಹುದು.

ಇವರು ಮೆಲ್ಬರ್ನ್‌ನ ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು, ಅಲ್ಲಿನ ನಲ್ಲಿ ಸೋರುತ್ತಿದೆಯೆಂಬ ದೂರನ್ನು ಏಜೆಂಟರ ಪಾಲಿಗೆ ಬಿಟ್ಟು, ಕಾಟ್ಸ್‌ವೋಲ್ಡ್ಸ್ ಸೀಮೆಯ ಅಪರಿಚಿತರೊಬ್ಬರ ಅಡುಗೆಮನೆಯ ನಲ್ಲಿಯನ್ನು ಮಲಗುವ ಮುನ್ನ ಎರಡು ಸಲ ಪರೀಕ್ಷಿಸುವವರು. ಅರ್ಧ ಪ್ರಪಂಚ ಸುತ್ತಿ ಹೋಟೆಲಿನ ತಿಂಡಿಯ ಮೇಲೆ ವೈರಾಗ್ಯ ತಾಳಿರುವ ಪತಿರಾಯರು, ಸ್ಥಳೀಯರಂತೆ ಬದುಕಿ ನೋಡುವ ಹಂಬಲವನ್ನು ಮೊದಲ ಕಾರಣವಾಗಿಯೂ ಕೋಣೆಯ ಬಾಡಿಗೆ ಉಳಿಯುವುದನ್ನು ಎರಡನೆಯ ಕಾರಣವಾಗಿಯೂ ಹೇಳುತ್ತಾರಾದರೂ, ಪತ್ನಿ ಎದುರಿಗಿಲ್ಲದಾಗ ಈ ಕ್ರಮ ತಿರುಗುಮುರುಗಾಗುವುದುಂಟು.

ಮನೆಯೊಡೆಯರ ಲೆಕ್ಕಾಚಾರವೂ ಕಚ್ಚಾ ಅಲ್ಲ. ಕೆನೆಲ್, ಅಂದರೆ ನಾಯಿಗಳ ವಸತಿಗೃಹ, ದಿನದ ಲೆಕ್ಕದಲ್ಲಿ ದುಡ್ಡು ಕೇಳುತ್ತದೆ. ಅಲ್ಲದೆ ಮನೆ ಸತತವಾಗಿ 30 ಅಥವಾ 60 ದಿನ ಖಾಲಿ ಬಿದ್ದರೆ ಬ್ರಿಟನ್ನಿನ ಅನೇಕ ಮನೆ ವಿಮೆಗಳು ಕಳವು, ನೀರಿನ ಹಾನಿ ಮೊದಲಾದವುಗಳ ಪರಿಹಾರವನ್ನು ಮೊಟಕುಗೊಳಿಸುತ್ತವೆ. ಎರಡೂ ಕಡೆಯವರನ್ನು ಗಂಟುಹಾಕಲು 2010ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಟ್ರಸ್ಟೆಡ್‌ಹೌಸ್‌ಸಿಟ್ಟರ್ಸ್‌ನಂಥ ಸಂಸ್ಥೆಗಳು ಇಬ್ಬರಿಂದಲೂ ವಾರ್ಷಿಕ ಸದಸ್ಯತ್ವ ಶುಲ್ಕ ಪಡೆಯುತ್ತವೆ. ಒಡೆಯರು ಮಾತ್ರ ಕಾವಲಿನವರಿಗೆ ಕೂಲಿ ಕೊಡುವುದಿಲ್ಲ. ಹಣದ ಜಾಗದಲ್ಲಿ ಚಲಾವಣೆಯಾಗುವುದು ರಿವ್ಯೂ, ಅಂದರೆ ಕೊನೆಯಲ್ಲಿ ಒಡೆಯರು ಬರೆದುಕೊಡುವ ಐದು ನಕ್ಷತ್ರಗಳ ಗುಣಪತ್ರ. ನಾಲ್ಕು ದಶಕ ಕಚೇರಿ ಆಳಿ, ಕೈಕೆಳಗಿನವರ ಗುಣದೋಷಗಳನ್ನು ನಿರ್ದಾಕ್ಷಿಣ್ಯವಾಗಿ ದಾಖಲಿಸಿದ ಹಿರಿಯರು, ಒಂದು ನಕ್ಷತ್ರ ಕಡಿಮೆಯಾದರೆ ಮುಂದಿನ ಮನೆ ಸಿಕ್ಕೀತೇ ಎಂದು ನಿದ್ದೆಗೆಡುತ್ತಾರೆ.

ಮನೆಗೆ ಕಾಲಿಟ್ಟೊಡನೆ ದಂಪತಿಯ ಕೈಸೇರುವುದು ವೆಲ್‌ಕಂ ಗೈಡ್, ಅಂದರೆ ಒಡೆಯರು ಬರೆದಿಟ್ಟ ಕೈಪಿಡಿ. ಸಾಮಾನ್ಯ ಕಸದ ತೊಟ್ಟಿಯನ್ನು ಒಂದು ವಾರ, ಮರುಬಳಕೆಯ ಕಸದ್ದನ್ನು ಮರುವಾರ ಬೀದಿಯಂಚಿಗೆ ಇಡಬೇಕೆಂಬಲ್ಲಿಂದ ಮೊದಲಾಗಿ, ಥೈರಾಯ್ಡ್ ಕಾಯಿಲೆಯ ಬೆಕ್ಕಿಗೆ ದಿನಕ್ಕೆರಡು ಬಾರಿ ಮಾತ್ರೆ ತಿನ್ನಿಸಬೇಕೆಂಬಲ್ಲಿಯವರೆಗೆ ಅದರ ವ್ಯಾಪ್ತಿ. ಮಾತ್ರೆಯನ್ನು ಮೀನಿನಲ್ಲಿ ಅಡಗಿಸಿ ಕೊಡಬೇಕೆಂದಷ್ಟೇ ಕೈಪಿಡಿ ಹೇಳುತ್ತದೆ. ಬೆಕ್ಕಾದರೋ ಟ್ಯೂನಾ ಮೀನನ್ನು ಒಂದೆಳೆಯೂ ಉಳಿಯದಂತೆ ತಿಂದು, ಮಾತ್ರೆಯನ್ನು ನೆಕ್ಕಿ ಶುಚಿಮಾಡಿ ಬಟ್ಟಲಿನ ನಟ್ಟನಡುವೆ ಬಿಟ್ಟು, ಮುಂದೇನು ಎಂಬಂತೆ ಮುಖ ನೋಡುತ್ತದೆ. ಆಮೇಲೆ ಪತಿ ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಹಿಡಿಯುವುದು, ಪತ್ನಿ ಅದರ ಬಾಯಿ ಬಿಡಿಸುವುದು, ಮಾತ್ರೆ ಸೋಫಾದ ಕೆಳಗೆ ಉರುಳುವುದು ಕ್ರಮವಾಗಿ ನಡೆಯುತ್ತವೆ. ಸಂಜೆ ಒಡೆಯರಿಗೆ ರವಾನೆಯಾಗುವ ಫೋಟೊದಲ್ಲಿ ಬೆಕ್ಕು ಪ್ರಸನ್ನವದನವಾಗಿರುತ್ತದೆ. ಪತಿಯ ಪರಚಿದ ಮುಂಗೈ ಫೋಟೊದಲ್ಲಿ ಬೀಳುವುದಿಲ್ಲ.

ಊರು ನೋಡುವ ಮೂಲ ಉದ್ದೇಶ ಈಡೇರುವ ಬಗೆಯೂ ವಿಚಾರಾರ್ಹವಾದುದು. ನಾಯಿಯನ್ನು ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡಬಾರದೆಂಬ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಗಳ ಸಲಹೆ ಕೈಪಿಡಿಯೊಳಗೆ ಬರುವಷ್ಟರಲ್ಲಿ ಆಜ್ಞೆಯಾಗಿರುತ್ತದೆ. ಆಕ್ಸ್‌ಫರ್ಡಿಗೆ ಬಸ್ಸಿನಲ್ಲಿ ಹೋಗಿಬರಲು ಮೂರು ಗಂಟೆ ಕಳೆದರೆ, 1683ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದ ಆಶ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಉಳಿಯುವುದು ಒಂದೇ ಗಂಟೆ. ಪ್ರಾಚೀನ ಈಜಿಪ್ಟಿನಿಂದ ಹಿಡಿದು, 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸಹೊರಟ ಗೈ ಫಾಕ್ಸ್‌ನ ಲಾಟೀನಿನವರೆಗಿನ ಚರಿತ್ರೆಯನ್ನೆಲ್ಲ ದಂಪತಿ ಗಡಿಯಾರ ನೋಡುತ್ತಲೇ ನೋಡಿ ಮುಗಿಸುತ್ತಾರೆ. ಆದರೆ ನಾಯಿಯೊಡನೆ ದಿನವೂ ತುಳಿಯುವ ಪಬ್ಲಿಕ್ ಫುಟ್‌ಪಾತ್, ಅಂದರೆ ಖಾಸಗಿ ಹೊಲಗಳ ನಡುವೆಯೂ ಎಲ್ಲರಿಗೂ ನಡೆದಾಡುವ ಹಕ್ಕಿರುವ ಕಾಲುದಾರಿ, ಅವರಿಗೆ ಅಂಗೈ ರೇಖೆಯಷ್ಟು ಪರಿಚಿತವಾಗುತ್ತದೆ. ಊರಿನವರು ದಾರಿಯಲ್ಲಿ ನಿಂತು ನಾಯಿಯನ್ನು ಹೆಸರು ಹಿಡಿದು ಮಾತನಾಡಿಸುತ್ತಾರೆ. ಹಗ್ಗ ಹಿಡಿದವರ ಹೆಸರು ಯಾರಿಗೂ ಬೇಕಾಗಿರುವುದಿಲ್ಲ.

ಇದು ರಜೆಯೇ, ನೌಕರಿಯೇ ಎಂಬ ಪ್ರಶ್ನೆ ಕಾನೂನಿನ ಮುಂದೆಯೂ ಬಂದಿದೆ. ಬಿಟ್ಟಿ ವಸತಿಯನ್ನೇ ಕೂಲಿಯೆಂದು ಎಣಿಸಿ, ಪ್ರವಾಸಿಗರಾಗಿ ಬಂದ ಕಾವಲಿನವರನ್ನು ಅಮೆರಿಕದ ವಲಸೆ ಅಧಿಕಾರಿಗಳು ವಿಮಾನ ನಿಲ್ದಾಣದಿಂದಲೇ ಹಿಂದಕ್ಕೆ ಕಳುಹಿಸಿದ ಪ್ರಸಂಗಗಳುಂಟು. ದಂಪತಿಗೆ ಇದು ಅನ್ಯಾಯವೆನಿಸಿದರೂ, ಬೆಕ್ಕಿನ ಮಾತ್ರೆಯ ಪ್ರಕರಣವನ್ನು ಬಲ್ಲವರಿಗೆ ಅಧಿಕಾರಿಗಳ ನಿಲುವು ತೀರ ಅಸಂಗತವೆನಿಸದು.

ಆದ್ದರಿಂದ ಪ್ರೇಕ್ಷಣೀಯ ಸ್ಥಳಗಳನ್ನು ನೋಡಬೇಕೆನ್ನುವವರು ಕೋಣೆ ಹಿಡಿಯುವುದೇ ಲೇಸು. ಕಸದ ಗಾಡಿ ಬರುವ ದಿನ, ಪಶುವೈದ್ಯರ ಫೋನ್ ನಂಬರು, ನೆರೆಮನೆಯವರ ಬೇಲಿ ಜಗಳ ಇವುಗಳ ಮೂಲಕ ಊರೊಂದನ್ನು ಅರಿಯಬೇಕೆನ್ನುವವರಿಗೆ ಈ ಮನೆಗಾವಲು ಉತ್ತಮ ಮಾರ್ಗ. ಆದರೆ ನಿವೃತ್ತಿಯೆಂದರೆ ಮೇಲಧಿಕಾರಿಯಿಲ್ಲದ ಬದುಕೆಂದು ನಂಬಿರುವವರು ಒಪ್ಪಿಕೊಳ್ಳುವ ಮುನ್ನ ನಾಯಿಯ ದಿನಚರಿಯನ್ನು ಪೂರ್ತಿ ಓದಿಕೊಳ್ಳತಕ್ಕದ್ದು.