ನಮ್ಮೊಳ್ಗೆ ಬಿಲ್ ಎಂತಕೆ?

ರಾತ್ರಿ ಊಟಕ್ಕೆ ಕೂತರೆ ಟಿವಿಯಲ್ಲಿ ಕಲಬೆರಕೆ ಎಣ್ಣೆಯ ರಹಸ್ಯ ಕಾರ್ಯಾಚರಣೆ. ಕೊಲೆ ನಡೆದಂಥ ಸಂಗೀತ, ಅಂಗಿ ಗುಂಡಿಯೊಳಗಿನ ಕ್ಯಾಮೆರಾ, ಅದರಲ್ಲಿ ಒಂದು ಡ್ರಮ್ಮು, ಒಂದು ಪೈಪು, ತಲೆಯಿಲ್ಲದ ಒಂದು ಹೊಟ್ಟೆ. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಆಷಾಢದ ಮಂಜು. ‘ಮೋಸ ಹೋಗಬೇಡಿ’ ಎಂದು ನಿರೂಪಕ ಗುಡುಗುತ್ತಾನೆ. ಯಾರಿಂದ ಎಂದು ಕೇಳುವಷ್ಟರಲ್ಲಿ ಬ್ರೇಕ್. ಬ್ರೇಕಿನಲ್ಲಿ ಹದಿನೈದು ದಿನಕ್ಕೆ ಮಂಡಿನೋವು ಓಡಿಸುವ ಎಣ್ಣೆ. ಡ್ರಮ್ಮಿನದು ವಿಷ, ಬಾಟಲಿಯದು ಪ್ರಾಯೋಜಕರದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತು ಕೊಟ್ಟವರಿಗೂ, ಅದರಲ್ಲಿ ನಕ್ಕ ತಾರೆಯರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಇಟ್ಟಿದೆ. ಪ್ರಸಾರ ಮಾಡಿದವರಿಗೂ ಇದೆ. ಆದರೆ ‘ಎಂದಿನ ವ್ಯವಹಾರದಲ್ಲಿ ಹಾಕಿದ್ದು’ ಎಂದರೆ ಅವರು ಪಾರಾಗಬಹುದು. ಎಂದಿನ ವ್ಯವಹಾರವೇ ಅದು ಎಂಬುದರಲ್ಲಿ ನನಗೂ ಸಂಶಯವಿಲ್ಲ.

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಸುವರ್ಣ ನ್ಯೂಸ್‌ನ ‘ಕವರ್ ಸ್ಟೋರಿ’ಯಲ್ಲಿ ವಿಜಯಲಕ್ಷ್ಮಿ ಶಿಬರೂರು ತನಿಖೆಗಿಳಿದ ದಿನಗಳಲ್ಲಿ ನೋಡಿದವರಿಗೆ ಮರುದಿನ ತಟ್ಟೆಗೆ ಕೈ ಹಾಕುವಾಗ ಅಳುಕಾಗುತ್ತಿತ್ತು. ಅಳುಕು ಎರಡು ದಿನ ಇರುತ್ತಿತ್ತು. ಮೂರನೇ ದಿನ ಅದೇ ಹೋಟೆಲು, ಅದೇ ಗೋಳಿಬಜೆ.

ಇದನ್ನೆಲ್ಲ ಟಿವಿಯಿಂದ ಕಲಿಯುವ ಗತಿ ನಮಗೆ ಬರಬಾರದಿತ್ತು. ಕುಂದಾಪುರದ ಮಗ್ಗುಲಿನ ಬಸ್ರೂರಿನಲ್ಲಿ ಡಾ. ರವೀಂದ್ರನಾಥ ಶಾನುಭಾಗರು ಬಳಕೆದಾರರ ವೇದಿಕೆ ಕಟ್ಟಿದಾಗ ಈ ಚಾನೆಲ್‌ಗಳು ಹುಟ್ಟಿರಲೇ ಇಲ್ಲ. ಗುಂಡಿ ಕ್ಯಾಮೆರಾ ಇಲ್ಲ, ಸಂಗೀತ ಇಲ್ಲ. ರಶೀದಿ, ಅರ್ಜಿ, ಅರ್ಜಿಗೆ ಉತ್ತರ ಬಾರದಿದ್ದರೆ ಇನ್ನೊಂದು ಅರ್ಜಿ. ಇಂಥ ಬೋರು ಹೊಡೆಸುವ ಕೆಲಸಕ್ಕೆ ಟಿಆರ್‌ಪಿ ಎಲ್ಲಿ ಬರಬೇಕು?

ಮೊನ್ನೆ ಬೈಂದೂರು ಕಡೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಗೂಡಂಗಡಿಯಲ್ಲಿ 20 ರೂಪಾಯಿ ಎಂದು ಅಚ್ಚಾದ ನೀರಿನ ಬಾಟಲಿಗೆ 25 ಕೇಳಿದರು. ಫ್ರಿಜ್ಜಿನ ಕರೆಂಟಿಗಂತೆ. ನನ್ನೊಳಗಿನ ಟಿವಿ ವೀಕ್ಷಕ ಎದ್ದು ಕೂತ.

‘ಬಿಲ್ ಕೊಡಿ.’

‘ಬಿಲ್ ಎಂತಕೆ ಮರ್ರೆ? ನಮ್ಮೊಳ್ಗೆ! ನಂಬ್ಕಿ ಇಲ್ಯಾ?’

ಹಿಂದೆ ನಿಂತಿದ್ದ ನಾಲ್ಕು ಜನ ನನ್ನನ್ನು ನೋಡಿದ ನೋಟದಲ್ಲಿ ಕಳ್ಳ ನಾನೇ. ಐದು ರೂಪಾಯಿಗೆ ಊರಲ್ಲಿ ಜಗಳ ಮಾಡಿದವ ಎಂಬ ಹೆಸರು ಬೇಕಾ? ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದಿತ್ತು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಆಯೋಗ ಇರುವುದು ಉಡುಪಿಯಲ್ಲಿ, ಇಲ್ಲಿಂದ ಹತ್ತಿರ ಹತ್ತಿರ 70 ಕಿ.ಮೀ. ಬ್ರಹ್ಮಾವರ ಮುಟ್ಟುವ ಮೊದಲು ಸಾಸ್ತಾನದ ಟೋಲ್. ಅಲ್ಲಿ ಮಾತ್ರ ಕೇಳದೆಯೇ ಮೊಬೈಲಿಗೆ ಲೆಕ್ಕ.

ನಾನಿನ್ನೂ ಲೆಕ್ಕ ಹಾಕುತ್ತಿದ್ದಂತೆ ಅಂಗಡಿಯವರು ಬೀಡಿ ಕಟ್ಟಿನ ಕಾಗದ ಹರಿದು, ಹಿಂದುಗಡೆ ‘ನೀರು 25’ ಎಂದು ಬರೆದುಕೊಟ್ಟರು. ಸಹಿ ಬೇಕಾ ಎಂದೂ ವಿಚಾರಿಸಿದರು. ಅಷ್ಟರಲ್ಲಿ ಗೋಡೆಯ ಟಿವಿಯಲ್ಲಿ ಅದೇ ಡ್ರಮ್ಮು, ಅದೇ ಹೊಟ್ಟೆ, ಮರುಪ್ರಸಾರ. ಅವರು ಚಿಲ್ಲರೆ ಎಣಿಸುವುದನ್ನೂ ಬಿಟ್ಟು ತಲೆಯೆತ್ತಿದರು.

‘ಕಾಣಿ ಮರ್ರೆ, ಎಂಥಾ ಕಳ್ರ್!’

ಹೌದು ಹೌದು ಎಂದೆ. ಬಸ್ಸು ಬಂತು.