ಎಂ-20, ರೇಟೆಷ್ಟು?

ಮೈಸೂರಿನಲ್ಲಿ ನೀವು ಮನೆ ಕಟ್ಟಿಸುತ್ತಿರುವ ಸುದ್ದಿ ಹಬ್ಬಿತೆಂದರೆ, ಅಲ್ಲಿಯವರೆಗೆ ಬರೀ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುತ್ತಿದ್ದವರೂ ಕಾಂಕ್ರೀಟ್ ಪಂಡಿತರಾಗುತ್ತಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರೊಬ್ಬರು, "ಕನ್ನಂಬಾಡಿಗೆ ಹಾಕಿದ್ದು ಸುರ್ಕಿ ಗಾರೆ ಕಣ್ರೀ. ನಿಮಗ್ಯಾಕೆ ಎಂ-20, ಎಂ-25?" ಎಂದರು. 1911ರಲ್ಲಿ ಶುರುವಾದ ಆ ಅಣೆಕಟ್ಟೆ ಸುಣ್ಣ, ಇಟ್ಟಿಗೆಪುಡಿಯ ಸುರ್ಕಿಯಲ್ಲೇ ನಿಂತಿರುವುದು ನಿಜ. ಆದರೆ ಅದು ಕಲ್ಲಿನ ಕಟ್ಟಡ, ತನ್ನ ಭಾರದಿಂದಲೇ ನೀರನ್ನು ತಡೆಯುತ್ತದೆ. ನನ್ನ ಮನೆಯ ಮೋಲ್ಡು, ಅಂದರೆ ಚಾವಣಿ, ಐದಂಗುಲದ ಆರ್‌ಸಿಸಿ. ಅದಕ್ಕೆ ಎಂ-20 ಗ್ರೇಡಿಗಿಂತ ಕಡಿಮೆ ಶಕ್ತಿಯ ಕಾಂಕ್ರೀಟು ಕೂಡದು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456.

ರೆಡಿಮಿಕ್ಸ್‌ನವರು ಕ್ಯೂಬಿಕ್ ಮೀಟರಿಗೆ ರೇಟು ಹೇಳುತ್ತಾರೆ. ನಮ್ಮ ಮೇಸ್ತ್ರಿಯ ಲೆಕ್ಕ ಮೂಟೆ ಮತ್ತು ಬಾಂಡ್ಲಿಯದು. ಮನೆಯವಳ ಲೆಕ್ಕ ಇನ್ನೂ ಸರಳ: "ರೀ, ಒಟ್ಟು ಎಷ್ಟಾಗುತ್ತೆ ಅಂತ ಹೇಳಿ." ಹತ್ತು ಚದರದ ಮೋಲ್ಡಿಗೆ, ಬೀಮು ಬಿಟ್ಟು, ಹೆಚ್ಚುಕಮ್ಮಿ 12 ಕ್ಯೂಬಿಕ್ ಮೀಟರ್. ಮೀಟರಿಗೆ 200 ರೂಪಾಯಿ ಚೌಕಾಸಿ ಮಾಡಿ ಗೆದ್ದರೆ ಉಳಿಯುವುದು 2,400. ದೇವರಾಜ ಮಾರ್ಕೆಟ್ಟಿನಲ್ಲಿ ಪಳಗಿದ ನಾಲಿಗೆಯಿಂದ ಅಷ್ಟನ್ನೂ ಉಳಿಸಿ ಬೀಗುತ್ತಿದ್ದಾಗ ಗೊತ್ತಾಯಿತು: ಪಂಪಿನ ಬಾಡಿಗೆ ಬೇರೆ, ಜಿಎಸ್‌ಟಿ ಬೇರೆ!

ಮೋಲ್ಡಿನ ದಿನ ನಿಂಬೆಹಣ್ಣು ಕುಯ್ದು, ಕಾಯಿ ಒಡೆದದ್ದಾಯಿತು. ಲಾರಿ ಬಂತು. ಕಾಂಕ್ರೀಟು ಗಟ್ಟಿಯಾಗಿ, ಘನತೆಯಿಂದ ಇಳಿಯುತ್ತಿತ್ತು. ಸೆಂಟ್ರಿಂಗ್ ಮೇಲಿಂದ ಮೇಸ್ತ್ರಿ ಕೂಗಿದ: "ಸಾರ್, ಒಂಚೂರು ನೀರು ಬಿಡಿಸಿ, ಸಲೀಸಾಗಿ ಓಡುತ್ತೆ!" ಹುಡುಗನೊಬ್ಬ ಪೈಪು ಹಿಡಿದು ಆಗಲೇ ಸಿದ್ಧನಾಗಿದ್ದ. ಸಿಮೆಂಟು, ಎಂ-ಸ್ಯಾಂಡು, ಜಲ್ಲಿ, ಎಲ್ಲಕ್ಕೂ ಬೆಲೆಯುಂಟು. ಕಾಂಕ್ರೀಟಿನ ಶಕ್ತಿ ಇಳಿಸುವುದು ಮಾತ್ರ ಬಿಟ್ಟಿ ಸಿಗುವ ನೀರು. ಬೆರೆಸಿದ್ದು ಹೆಚ್ಚಾದಷ್ಟೂ, ಅದು ಆರಿದ ಮೇಲೆ ಒಳಗೆ ಸಣ್ಣ ಸಣ್ಣ ರಂಧ್ರಗಳು ಅಷ್ಟೂ ಹೆಚ್ಚು ಉಳಿಯುತ್ತವೆ. ಎಂ-20ರ ದುಡ್ಡು ಕೊಟ್ಟು ಎಂ-15 ಮಾಡಿಕೊಳ್ಳುವ ಸುಲಭೋಪಾಯ ಇದೇ.

ತಮಾಷೆ ಎಂದರೆ, ಬೇಡದ ದಿನ ಅಷ್ಟು ಉದಾರವಾಗಿದ್ದ ಆ ಪೈಪು ಮಾರನೆಯ ದಿನದಿಂದ ನಾಪತ್ತೆ. ಪಾತಿ ಕಟ್ಟಿ ವಾರ, ಹತ್ತು ದಿನ ನೀರು ನಿಲ್ಲಿಸಬೇಕಾದ ಕ್ಯೂರಿಂಗಿಗೆ ಮನೆ ಯಜಮಾನನೇ ಗತಿ.

ಆದ್ದರಿಂದ ಮನೆ ಕಟ್ಟಿಸುವವರಲ್ಲಿ ನನ್ನದೊಂದು ವಿನಂತಿ. ರೇಟು ಕೇಳುವಾಗ ಗ್ರೇಡು, ಪಂಪು, ತೆರಿಗೆ ಎಲ್ಲವನ್ನೂ ಸೇರಿಸಿ ಕೇಳಿ. ಹದಿನೈದು ಸೆಂಟಿಮೀಟರಿನ ಕ್ಯೂಬುಗಳನ್ನು ತುಂಬಿಸಿಟ್ಟು, 28ನೆಯ ದಿನ ಪರೀಕ್ಷೆ ಮಾಡಿಸಿ. ಚೌಕಾಸಿ ಧಾರಾಳವಾಗಿ ಮಾಡಿ. ಮೋಲ್ಡಿನ ದಿನ ಮಾತ್ರ ನೀರಿನ ಪೈಪು ನಿಮ್ಮ ಕೈಯಲ್ಲೇ ಇರಲಿ.