ಪಾರ್ಟ್ ಟೈಮ್ ಕೆಲಸ ಕೋರಿ ಅರ್ಜಿ

ಇಂದ: ಕೆ.ಆರ್. ಪುರದಿಂದ ಬರುವ ಕೆಲಸದವಳು
ಇವರಿಗೆ: ಇಂದಿರಾನಗರದ ಮೇಡಂ ಅವರಿಗೆ
ವಿಷಯ: ದಿನಕ್ಕೆ ಎರಡು ಗಂಟೆ ಕಸ, ಮುಸುರೆ, ನೆಲ ಒರೆಸುವ ಕೆಲಸದ ಬಗ್ಗೆ

ಮಾನ್ಯರೇ,

ಮೊದಲೆಲ್ಲ ಕೆಲಸ ಕೇಳಿಕೊಂಡು ಹೋದರೆ ‘ಇನ್ಯಾರ ಮನೇಲಿ ಮಾಡ್ತೀಯ?’ ಅಂತ ಕೇಳಿ ಪೊರಕೆ ಕೈಗೆ ಕೊಡುತ್ತಿದ್ದರು. ತಾವು ‘ರೆಸ್ಯೂಮೆ ಕಳಿಸು’ ಅಂದಿದ್ದೀರಿ. ಮಗಳ ಕೈಯಲ್ಲಿ ಬರೆಸಿದ್ದೇನೆ. ತಮ್ಮಂಥ ಮೇಡಂಗಳು ಬಹಳ ಮಂದಿ ಇರುವುದರಿಂದ ಬಹಿರಂಗವಾಗಿಯೇ ಕಳಿಸುತ್ತಿದ್ದೇನೆ.

ಅನುಭವ: 17 ವರ್ಷ. ಏಳಕ್ಕೆ ಮೊದಲ ಮನೆಯ ಬೆಲ್ ಒತ್ತಬೇಕಾದರೆ ಆರಕ್ಕೇ ಟಿನ್ ಫ್ಯಾಕ್ಟರಿಯ ಬಸ್‌ಸ್ಟಾಪಿನಲ್ಲಿರುತ್ತೇನೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ. ಒಂದು ಮನೆಯವರು ಅದೇ ಲೆಕ್ಕ ಹಿಡಿದು ಆ ವರ್ಷ ಸಂಬಳ ಏರಿಸಲಿಲ್ಲ.

ಪರಿಣತಿ: ಮುಸುರೆ ನೋಡಿ ಮನೆಯ ಜಾತಕ ಹೇಳಬಲ್ಲೆ. ಕುಕ್ಕರಿನ ತಳ ಸೀದಿದ್ದರೆ ಮೇಡಂ ಮೀಟಿಂಗು ಉದ್ದವಾಗಿದೆ. ಒಂದೇ ತಟ್ಟೆಗೆ ಅನ್ನ ಅಂಟಿ, ಇನ್ನೊಂದು ಒಣಗಿಕೊಂಡೇ ಇದ್ದರೆ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಇದನ್ನೆಲ್ಲ ಪಕ್ಕದ ಮನೆಗೆ ಹೇಳುವುದಿಲ್ಲ. ನನ್ನ ದೊಡ್ಡ ಅರ್ಹತೆ ಅದೇ. ಅದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ.

ಶಿಫಾರಸು: ತಾವು ಹಳೇ ಮನೆಯವರ ಚೀಟಿ ಕೇಳಿದ್ದು ಹೊಸದೇನಲ್ಲ. ಬೆಂಗಳೂರಿನ ದಂಡಿನಲ್ಲಿ ಬ್ರಿಟಿಷ್ ದೊರೆಗಳಿದ್ದ ಕಾಲಕ್ಕೂ ಆಳುಗಳು ಹಳೇ ದೊರೆಯ ಚೀಟಿ ಹಿಡಿದೇ ಹೊಸ ಬಂಗಲೆಯ ಗೇಟಿಗೆ ಹೋಗಬೇಕಿತ್ತು. 1896ರಲ್ಲಿ ಇಲ್ಲಿಗೆ ಬಂದ ಚರ್ಚಿಲ್ ದೊರೆ ಇಬ್ಬರು ಗೆಳೆಯರ ಜೊತೆ ಬಂಗಲೆ ಹಿಡಿದಿದ್ದರಂತೆ. ತಲಾ ಒಬ್ಬ ಬಟ್ಲರ್, ಕುದುರೆಗೊಬ್ಬ ಆಳು. ಇವರಲ್ಲದೆ ಮೂವರು ನೀರು ಹೊರುವವರು, ನಾಲ್ವರು ದೋಬಿಗಳು, ಇಬ್ಬರು ಮಾಲಿಗಳು. ತಮ್ಮಲ್ಲಿ ಅಷ್ಟೂ ನಾನೊಬ್ಬಳೇ, ಅದೂ ಪಾರ್ಟ್ ಟೈಮು. ಕುದುರೆ ಇಲ್ಲ, ನಾಯಿ ಇದೆ.

ಈ ಪಾರ್ಟ್ ಟೈಮಿನ ಲೆಕ್ಕ ಮಾತ್ರ ನನಗೆ ಹತ್ತುವುದಿಲ್ಲ. ಈಗ ಮೂರು ಮನೆ, ತಮ್ಮದು ನಾಲ್ಕನೆಯದು. ಎರಡೆರಡು ಗಂಟೆ ಕೂಡಿದರೆ ಎಂಟು. ಯಾವ ಕಂಪನಿಯಲ್ಲಾದರೂ ಅದು ಪೂರ್ತಿ ಕೆಲಸವೇ. ಆದರೆ ರಜೆ, ಪಿಎಫ್, ಇಎಸ್‌ಐ ಅಂದ ಕೂಡಲೇ ನಾಲ್ಕು ಮನೆಯವರೂ ಕಾಲುಭಾಗದ ಯಜಮಾನರು. ಜ್ವರಕ್ಕೆ ಮಲಗಿದ ದಿನದ ಸಂಬಳ ಹಿಡಿಯುವಾಗ ಪ್ರತಿಯೊಬ್ಬರೂ ಪೂರ್ತಿ ಯಜಮಾನರು.

ಮನೆಗೆಲಸಕ್ಕೆ ಕರ್ನಾಟಕ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ನಮ್ಮಂಥವರಿಗೂ ವಾರಕ್ಕೊಂದು ದಿನ ರಜೆ ಬೇಕೆಂದ ಜಿನೀವಾದ ಕಾರ್ಮಿಕ ಒಪ್ಪಂದಕ್ಕೆ 2011ರಲ್ಲಿ ಭಾರತವೂ ಮತ ಹಾಕಿತು; ಅನುಮೋದಿಸಲು ಇನ್ನೂ ಪುರುಸೊತ್ತಾಗಿಲ್ಲ. ‘ಹಬ್ಬ ಕಳೀಲಿ, ನೋಡೋಣ’ ಅನ್ನುವ ಮನೆಗಳು ನನಗೆ ಗೊತ್ತಿರುವುದರಿಂದ ದೇಶದ ಮೇಲೆ ಬೇಜಾರಿಲ್ಲ.

ಒಂದನೇ ತಾರೀಖಿನಿಂದ ಬರಬಲ್ಲೆ. ಅಷ್ಟರೊಳಗೆ, ತಮ್ಮಲ್ಲಿ ಹಿಂದೆ ಮಾಡುತ್ತಿದ್ದವಳ ಕೈಯಲ್ಲಿ ತಮ್ಮ ಬಗ್ಗೆ ಒಂದು ಚೀಟಿ ಬರೆಸಿ ಕಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ

ಲಗತ್ತು: ಆಧಾರ್ ನಕಲು ಒಂದು, ಸ್ಟೀಲ್ ಲೋಟ ಒಂದು. ಕಾಫಿಗೆ ಬೇರೆ ಲೋಟ ಎತ್ತಿಡುವ ತೊಂದರೆ ತಮಗೆ ಬೇಡ.